ಸೆನ್ಸರ್ ಸುಮ್ಮನಾದ ಮೇಲೆ

ಕಾರಿನ ಹಿಂದಿನ ಬಂಪರಿನ ಮೇಲೆ ನಾಲ್ಕು ಕರಿ ಗುಂಡಿಗಳಿದ್ದವು, ಅಂಗಿಯ ಗುಂಡಿಗಿಂತ ತುಸು ದೊಡ್ಡವು. ಕಾರು ಹಿಂದೆ ಸರಿಯುವಾಗ ಏನಾದರೂ ಅಡ್ಡ ಬಂದರೆ ಒಳಗೆ ಕೂತವರಿಗೆ ಕೂಗಿ ಹೇಳುವುದು ಈ ಸೆನ್ಸರ್‌ಗಳ ಕೆಲಸ. ಆದರೆ ಮಹಾನವಮಿಯ ಬೆಳಿಗ್ಗೆ ಆರತಿ ತಟ್ಟೆ ಹಿಡಿದು ಬಂದ ಮುದಕಮ್ಮನಿಗೆ ಇದನ್ನು ಹೇಳಿದವರು ಯಾರು? ಕಾರಿನ ಮೈಯೆಲ್ಲ ಬೆಳ್ಳಗೆ, ನಡುವೆ ಸಾಲಾಗಿ ನಾಲ್ಕು ದುಂಡು ಗುರುತು.

"ಎಷ್ಟು ಚಂದ ಜಾಗಾ ಮಾಡ್ಯಾರ ನೋಡು, ಕುಂಕುಮ ಹಚ್ಚಾಕಂತ" ಎಂದು ಆಕೆ ಕಂಪನಿಯವರ ದೈವಭಕ್ತಿಯನ್ನು ಬಾಯ್ತುಂಬ ಹೊಗಳಿದಳು. ನಾಲ್ಕಕ್ಕೂ ವಿಭೂತಿ ಬಳಿದು, ಎಣ್ಣೆಯಲ್ಲಿ ಕಲಸಿದ ಕುಂಕುಮವನ್ನು ಹೆಬ್ಬೆರಳಿನಿಂದ ಒತ್ತಿ ಒತ್ತಿ ಇಟ್ಟು, ಮೇಲೊಂದು ಚೆಂಡುಹೂವಿನ ಮಾಲೆ ಇಳಿಬಿಟ್ಟಳು. ಆಮೇಲೆ ಕಾರಿಗೆ ನಮಸ್ಕಾರ ಮಾಡಿದಳು. ನಮಸ್ಕಾರ ಮಾಡಿದ್ದೂ ಹಿಂದಿನಿಂದಲೇ.

ಯಲಬುರ್ಗಾದ ಆ ಓಣಿಯಲ್ಲಿ ಕಾರು ಓಡಿಸುವ ಹೆಂಗಸು ಮುದಕಮ್ಮನ ಸೊಸೆ ಅನುಸೂಯಾ ಒಬ್ಬಳೇ. ಆಕೆ ಅಂಗನವಾಡಿ ಟೀಚರು. ಗಂಡ ಗವಿಸಿದ್ದೇಶ ಬಸ್ ಕಂಡಕ್ಟರು. ಸೆಕೆಂಡ್ ಹ್ಯಾಂಡ್ ಕಾರು ಮನೆಗೆ ಬಂದಾಗ ಇಬ್ಬರೂ ಕೂಡಿಯೇ ಡ್ರೈವಿಂಗ್ ಕಲಿಯಲು ಕೊಪ್ಪಳಕ್ಕೆ ಹೋಗಿದ್ದರು. ಅನುಸೂಯಾ ಕಲಿತಳು. ಗವಿಸಿದ್ದೇಶನಿಗೆ ಬರಲಿಲ್ಲ. ಇಪ್ಪತ್ತು ವರ್ಷ ಬಸ್ಸಿನಲ್ಲಿ ಹಿಂದಕ್ಕೆ ಮುಖ ಮಾಡಿ ನಿಂತ ಮನುಷ್ಯ ಸ್ಟಿಯರಿಂಗ್ ಹಿಡಿದಾಗಲೂ ಮೂರು ಮಾರಿಗೊಮ್ಮೆ ಹಿಂದೆ ತಿರುಗಿ, ಯಾರಾದರೂ ಹತ್ತಿದರೋ ಎಂದು ನೋಡುತ್ತಿದ್ದ. ಕಲಿಸುವವನು ಕೈಮುಗಿದು ಬಿಟ್ಟ. "ಡ್ರೈವರ್‌ಗೆ ಏನ್ ಗೊತ್ತಿರತೈತಿ? ಗಾಡಿ ನಡಸಾಂವ ಕಂಡಕ್ಟರ್" ಎಂದು ಗವಿಸಿದ್ದೇಶ ಅಂದಿನಿಂದ ಹೇಳಿಕೊಂಡು ಬಂದಿದ್ದ. ಅನುಸೂಯಾ ಕಾರು ತೆಗೆಯುವಾಗಲೆಲ್ಲ ಹಿಂದೆ ಹೋಗಿ ನಿಂತು, ಸೀಟಿ ಊದಿ, "ಬರ್ಲಿ, ಬರ್ಲಿ, ರೈಟ್" ಎನ್ನದಿದ್ದರೆ ಅವನಿಗೆ ಸಮಾಧಾನವಿರಲಿಲ್ಲ.

ಅನಾಹುತವಾದದ್ದು ಮಹಾನವಮಿಯ ಮರುದಿನ ಸಂಜೆ. ಊರೆಲ್ಲ ಹೊಸ ಬಟ್ಟೆಯುಟ್ಟು ಬನ್ನಿ ಎಲೆ ಹಂಚಲು ಹೊರಟಿತ್ತು. ಅನುಸೂಯಾ ಇಳಕಲ್ ಸೀರೆ ಉಟ್ಟು ಕಾರಿನಲ್ಲಿ ಕೂತು ರಿವರ್ಸ್ ಹಾಕಿದಳು. ಕಾರು ಕೂಗತೊಡಗಿತು. ಇಳಿದು ನೋಡಿದಳು, ಹಿಂದೆ ಏನೂ ಇಲ್ಲ. ಮತ್ತೆ ಕೂತಳು, ಮತ್ತೆ ಕೂಗಿತು. ಮತ್ತೆ ಇಳಿದಳು.

"ಅದರ ಮಾತ ಏನ್ ಕೇಳ್ತೀಯೇ? ಅದಕ್ಕ ತಲಿ ಕೆಟ್ಟೈತಿ. ನನ್ನ ಮಾತ ಕೇಳು, ಬಾ" ಎಂದು ಗವಿಸಿದ್ದೇಶ ಹಿಂದಿನಿಂದ ಎರಡು ಸೀಟಿ ಊದಿದ.

ಎರಡು ಸೀಟಿ ಎಂದರೆ ದಾರಿ ಖಾಲಿ. ಅನುಸೂಯಾ ಯಂತ್ರವನ್ನು ಬಿಟ್ಟು ಗಂಡನನ್ನು ನಂಬಿದಳು. ಅದೇ ಹೊತ್ತಿಗೆ ಎದುರು ಮನೆಯ ಕಳಕಮ್ಮ ಬನ್ನಿ ಹಿಡಿದು ಬಂದಳು. ಗವಿಸಿದ್ದೇಶ ಆಕೆಯ ಕಡೆ ತಿರುಗಿ ಬನ್ನಿ ತೆಗೆದುಕೊಂಡು, ತಾನೂ ಕೊಟ್ಟು, ಆಕೆಯ ಮೊಮ್ಮಗನ ಕ್ಷೇಮ ಕೇಳುವಷ್ಟರಲ್ಲಿ ಕಾರು ಗೇಟಿನ ಬದಿಯ ಕಲ್ಲಿನ ದೋಣಿಗೆ ಹೋಗಿ ಬಡಿಯಿತು. ದನಕ್ಕೆ ನೀರಿಡುವ ದೋಣಿ, ಅವನ ಅಜ್ಜನ ಕಾಲದ್ದು, ಅದಕ್ಕೇನೂ ಆಗಲಿಲ್ಲ. ಬಂಪರು ಮಾತ್ರ ಒಂದು ಕಡೆ ಜೋತುಬಿತ್ತು.

ಆ ಸಂಜೆ ಬನ್ನಿ ಕೊಡಲು ಬಂದವರೆಲ್ಲ ಬಂಪರು ನೋಡಿ ಹೋದರು. ಏನಾಯಿತು ಎಂದು ಕೇಳಿದವರಿಗೆಲ್ಲ ಗವಿಸಿದ್ದೇಶ, "ನಮ್ಮ ಟೀಚರಮ್ಮ ದೋಣಿಗೆ ಬನ್ನಿ ಕೊಡಾಕ ಹೋಗಿದ್ಲು" ಎಂದು ನಗುತ್ತ ಹೇಳಿದ. ಮೊದಲ ಸಲ ಅನುಸೂಯಾಳೂ ನಕ್ಕಳು. ನಾಲ್ಕನೆಯ ಮನೆಯವರು ಬರುವ ಹೊತ್ತಿಗೆ ಆಕೆಗೆ ನಗು ಬರುತ್ತಿರಲಿಲ್ಲ. ದೀಪಾವಳಿ ಹತ್ತಿರವಾದರೂ ಮಾತು ಹಳತಾಗಲಿಲ್ಲ. "ಅಕ್ಕೋರು ಹೊಂಟ್ರು, ದೋಣಿ ಒಳಗ ಇಡ್ರೋ" ಎನ್ನುವುದು ಓಣಿಗೆ ರೂಢಿಯಾಯಿತು.

ಅನುಸೂಯಾ ಜಗಳವಾಡಲಿಲ್ಲ. ಸುಮ್ಮನಾದಳು. ಕಾರಿನ ಕೀಲಿಯನ್ನು ದೇವರ ಗೂಡಿನಲ್ಲಿಟ್ಟು, ಅಂಗನವಾಡಿಗೆ ನಡೆದೇ ಹೋಗತೊಡಗಿದಳು. ಕೇಳಿದ್ದಕ್ಕಷ್ಟೇ ಉತ್ತರ ಕೊಟ್ಟಳು. ಮೊದಲಾದರೆ ಸಾರಿಗೆ ಉಪ್ಪು ಕಡಿಮೆ ಎಂದು ಗಂಡ ಅಂದರೆ, "ನಾಳೆಯಿಂದ ನೀವ ಮಾಡ್ರಿ, ಉಪ್ಪಿನ ಡಬ್ಬಿ ಎಲ್ಲೈತಿ ಅಂತಾದ್ರೂ ಗೊತ್ತಾಗ್ಲಿ" ಎನ್ನುತ್ತಿದ್ದವಳು ಈಗ ಎದ್ದು ಉಪ್ಪು ತಂದು ಬಡಿಸಿ ಕೂಡುತ್ತಿದ್ದಳು. ಗವಿಸಿದ್ದೇಶನಿಗೆ ಇದು ಹಿತವಾಗಿ ಕಂಡಿತು. "ಸಿಟ್ಟು ಇಳದೈತಿ, ಅರಾಮಾಗ್ಯಾಳ" ಎಂದು ತಾಯಿಗೆ ಹೇಳಿದ. ಮುದಕಮ್ಮ ಸೊಸೆಯ ಮುಖ ನೋಡಿ, ಎಲೆ ಅಡಿಕೆ ಬಾಯಿಗೆ ಹಾಕಿಕೊಂಡಳು.

ಅಷ್ಟರಲ್ಲಿ ಆಫೀಸಿನಿಂದ ಒಂದು ಸುದ್ದಿ ಬಂತು. ಅನುಸೂಯಾಳಿಗೆ ಬಡ್ತಿ. ಮಂಗಳೂರಿನ ಸುತ್ತಲಿನ ಹಳ್ಳಿಗಳ ಅಂಗನವಾಡಿಗಳಿಗೆಲ್ಲ ಆಕೆಯೇ ಮೇಲ್ವಿಚಾರಕಿ. ಈ ಮಂಗಳೂರು ಕಡಲಿನದಲ್ಲ, ಯಲಬುರ್ಗಾ ಸೀಮೆಯ ಎರೆಹೊಲಗಳ ನಡುವಿನ ದೊಡ್ಡ ಹಳ್ಳಿ. ಅಲ್ಲಿಯವರೆಗೆ ಬಸ್ಸುಂಟು. ಅಲ್ಲಿಂದ ಒಳಗಿನ ಊರುಗಳಿಗೆ ಬಸ್ಸು ಬೆಳಿಗ್ಗೆ ಹೋದರೆ ಸಂಜೆಗೇ ಮತ್ತೆ. "ನಿಮ್ಮದ ಗಾಡಿ ಐತೆಲ್ಲ, ನಿಮಗೇನ್ರೀ ತ್ರಾಸು? ಸೋಮವಾರ ಹೇಳಿಬಿಡ್ರಿ. ಇಲ್ಲಂದ್ರ ಮುಂದಿನವರಿಗೆ ಕೊಡತೀವಿ" ಎಂದರು ಆಫೀಸಿನ ಮೇಡಂ.

ಹದಿನೆಂಟು ವರ್ಷ ಒಂದೇ ಕೋಣೆಯಲ್ಲಿ ಹಾಡು ಕಲಿಸಿ, ಮೂಗು ಒರೆಸಿ, ತೂಕ ನೋಡಿದವಳಿಗೆ ಆ ರಾತ್ರಿ ಊಟ ಸೇರಲಿಲ್ಲ. ಬೇಕು ಎಂಬ ಆಸೆ ಎಷ್ಟಿತ್ತೆಂದರೆ ಅದನ್ನು ಬಾಯಿಬಿಟ್ಟು ಹೇಳಲಿಕ್ಕೇ ಹೆದರಿಕೆ.

"ಕಾರಾಗ ಹೋಗೂದು ಬ್ಯಾಡವಾ" ಎಂದ ಗವಿಸಿದ್ದೇಶ. "ಕಾರು ಮಾರಿಬಿಡೂಣು. ಕುಷ್ಟಗಿ ಓಬಳೆಪ್ಪ ಅಂತ ಒಬ್ಬಾಂವ ಕೇಳ್ಯಾನ, ಐತವಾರ ನೋಡಾಕ ಬರ್ತಾನ. ಇಬ್ರಾಹಿಂಸಾಬನ ಗ್ಯಾರೇಜಿನ್ಯಾಗ ಎಲ್ಲಾ ರಿಪೇರಿ ಮಾಡಿಸೀನಿ, ಸೆನ್ಸರ್ ಸೈತ ಅರಾಮಾಗೈತಿ. ಈಗ ಒಂಚೂರೂ ಒದರೂದಿಲ್ಲ."

ನಿಜ. ಬಂಪರು ಕೂಡಿಸಿ, ತೊಳೆದು ತಂದಮೇಲೂ ರಿವರ್ಸ್ ಹಾಕಿದಾಗಲೆಲ್ಲ ಕಾರಣವಿಲ್ಲದೆ ಕೂಗುತ್ತಿದ್ದ ಕಾರು, ಗ್ಯಾರೇಜಿನ ಹುಡುಗ ಎರಡನೆಯ ಸಲ ಒಯ್ದು ತಂದಮೇಲೆ ತುಟಿ ಬಿಚ್ಚಿರಲಿಲ್ಲ.

"ಹೂಂ" ಎಂದಳು ಅನುಸೂಯಾ. ಆಗೆಲ್ಲ ಆಕೆಯ ಮಾತು ಅಷ್ಟೇ.

ಶನಿವಾರ ಮಧ್ಯಾಹ್ನ ಮನೆಗೆ ಬಂದು, ಮಾರಿಹೋಗುವ ಮುಂಚೆ ಒಳಗಿನ ಸಾಮಾನು ತೆಗೆದಿಡಬೇಕೆಂದು ಕಾರಿನಲ್ಲಿ ಕೂತಳು. ಒಂದು ಬಾಚಣಿಕೆ, ಕೊಡೆ, ಮಕ್ಕಳಿಗೆ ಕೊಟ್ಟು ಉಳಿದ ಬೆಲ್ಲದ ಚಿಕ್ಕಿ. ಸುಮ್ಮನೆ ಕೈ ಹೋಗಿ ಕೀಲಿ ತಿರುವಿತು, ಸುಮ್ಮನೆ ರಿವರ್ಸ್ ಬಿತ್ತು. ಕಾರು ಒಂದು ಮಾತೂ ಆಡಲಿಲ್ಲ. ಆಕೆ ಕನ್ನಡಿ ನೋಡಿದಳು. ಕನ್ನಡಿಯ ತುಂಬ ಎಮ್ಮೆ. ಕಳಕಮ್ಮನ ಎಮ್ಮೆ ಬಂಪರಿಗೆ ಮೈ ತಿಕ್ಕುತ್ತ, ಕಣ್ಣು ಮುಚ್ಚಿ, ಸುಖವಾಗಿ ನಿಂತಿತ್ತು.

ಅನುಸೂಯಾ ಕಾರು ಬಂದ್ ಮಾಡಿದಳು.

ಆಕೆಗೆ ಅಂಗನವಾಡಿಗೆ ಬರುವ ಯಮನೂರಮ್ಮನ ಮಗಳು ನೆನಪಾದಳು, ಮೂರು ವರ್ಷದ ಕೂಸು. ಮಳೆಗಾಲದಲ್ಲಿ ಅದಕ್ಕೆ ಜ್ವರ ಬಂದು ಎರಡು ದಿನ ಒಂದೇ ಸಮನೆ ಅತ್ತಿತ್ತು. ಮೂರನೆಯ ದಿನ ತಾಯಿ ಕರೆತಂದು, "ಅಳೂದು ನಿಂತೈತ್ರಿ ಟೀಚರ, ಅರಾಮಾಗೈತಿ" ಎಂದು ಮೂಲೆಯಲ್ಲಿ ಮಲಗಿಸಿದಳು. ಅನುಸೂಯಾ ಹಣೆ ಮುಟ್ಟಿದವಳೇ ಇಬ್ಬರನ್ನೂ ದವಾಖಾನೆಗೆ ಅಟ್ಟಿದ್ದಳು. ವಾರದ ಮೇಲೆ ಅದೇ ಕೂಸು ಪಕ್ಕದ ಹುಡುಗನ ತಟ್ಟೆಯಿಂದ ಮೊಟ್ಟೆ ಕಸಿದು, ಅವನು ಬಿಡದಿದ್ದಾಗ ಕಿರುಚಿ ಅವನ ಕೂದಲು ಹಿಡಿಯಿತಲ್ಲ, ಆಗ ಆಕೆ ನಿಟ್ಟುಸಿರು ಬಿಟ್ಟು ಅದರ ಹೆಸರಿನ ಮುಂದೆ ಅರಾಮು ಎಂದು ಬರೆದಿದ್ದಳು.

ಇದೂ ಹಾಗೆಯೇ ಮಲಗಿದೆಯಲ್ಲ ಎಂದುಕೊಂಡಳು. ಇದು ಎಂದು ಅಂದುಕೊಂಡದ್ದು ಕಾರನ್ನು ಮಾತ್ರವೇ ಅಲ್ಲ ಎಂಬುದು ಆಕೆಗೆ ಗೊತ್ತಿತ್ತು. ಎಮ್ಮೆಯನ್ನು ಓಡಿಸಿ, ಹಿಂದೆ ಮುಂದೆ ನೋಡಿ, ಕಾರು ತೆಗೆದುಕೊಂಡು ಕೊಪ್ಪಳ ರಸ್ತೆಯ ಗ್ಯಾರೇಜಿಗೆ ಹೊರಟಳು.

ಇಬ್ರಾಹಿಂಸಾಬ ಟೈರಿನ ಮೇಲೆ ಕೂತು ಚಹಾ ಕುಡಿಯುತ್ತಿದ್ದ.

"ಕಾಕಾ, ಈ ಸೆನ್ಸರ್ ರಿಪೇರಿ ಮಾಡೀರೇನ್ರಿ?"

"ಮಾಡೀನಲ್ರೀ ಅಕ್ಕೋರ. ಈಗ ಒದರಾಕತ್ತೈತೇನು?"

"ಒದರವಲ್ದು. ಎಮ್ಮಿ ಬಂದು ನಿಂತ್ರೂ ಒದರವಲ್ದು."

ಇಬ್ರಾಹಿಂಸಾಬ ಚಹಾದ ಲೋಟ ಕೆಳಗಿಟ್ಟು ಗಡ್ಡ ಕೆರೆದುಕೊಂಡ. "ಹಂಗಂದ್ರ... ಯಜಮಾನ್ರು ನಿಮಗ ಹೇಳಿಲ್ಲೇನ್ರಿ? ಮಾರೂ ಗಾಡಿ ಐತಿ, ಇದರ ಬಾಯಿ ಮುಚ್ಚಸು ಮಾರಾಯ ಅಂದ್ರು. ಅದರ ಸೀಟಿ ಐತಲ್ಲ, ಅದರ ವಾಯರ್ ಕಿತ್ತೀನಿ. ಬಾಯಿ ಮುಚ್ಚಸು ಅಂದ್ರ ಮುಚ್ಚಸ್ತೀನಿ. ಅರಾಮ್ ಮಾಡು ಅಂತ ಯಾರ್ ಅಂದಾರ?"

"ನಾ ಅಂತೀನಿ" ಎಂದಳು ಅನುಸೂಯಾ.

ಆತ ವಾಯರು ಕೂಡಿಸಿ ರಿವರ್ಸ್ ಹಾಕಿದ. ಕಾರು ಇಷ್ಟು ದಿನದ ಸಿಟ್ಟನ್ನೆಲ್ಲ ಒಮ್ಮೆಲೇ ಕಾರಿಕೊಂಡಂತೆ ಅರಚಿತು. ಗುಂಡಿಗಳನ್ನು ಒಂದೊಂದಾಗಿ ಬಿಚ್ಚಿದ. ಅಂಚಿನ ಸಂದಿಯಲ್ಲಿ ಎಣ್ಣೆ ಕುಂಕುಮ ಗಟ್ಟಿಯಾಗಿ ಕೂತಿತ್ತು.

"ಯಾ ಅಲ್ಲಾ! ಇದನ್ನ ಸುಮಂಗಲಿ ಮಾಡ್ಯಾರಲ್ರೀ!" ಎಂದು ನಕ್ಕ. ಮೆತ್ತನೆ ಬಟ್ಟೆಯಲ್ಲಿ ಒರೆಸಿ, ಒಣಗಿಸಿ, ಮತ್ತೆ ಕೂಡಿಸಿದಮೇಲೆ ಅರಚುವುದು ನಿಂತಿತು. "ತಗೋರಿ, ಈಗ ಖರೇನ ಅರಾಮಾತು."

"ಅದ್ಹೆಂಗ ಹೇಳ್ತೀರಿ?"

"ಸುಮ್ಮನಾತಲ್ರೀ!"

"ನಿನ್ನೆನೂ ಸುಮ್ಮನ ಇತ್ತು, ಕಾಕಾ."

ಇಬ್ರಾಹಿಂಸಾಬನಿಗೆ ರೊಕ್ಕ ಕೊಟ್ಟು ಆಕೆ ಮನೆಯ ಕಡೆ ಹೊರಟಳು. ಅರ್ಧ ದಾರಿ ಬಂದಮೇಲೆ ಅನುಸೂಯಾಳಿಗೆ ಹೊಳೆಯಿತು, ತಾನು ಕಾರು ಓಡಿಸುತ್ತಿದ್ದೇನೆ. ದಸರಾ ಆದಮೇಲೆ ಮೊದಲ ಸಲ. ಹೊರಡುವಾಗ ಹೆದರುವುದೇ ಮರೆತುಹೋಗಿತ್ತು. ನೆನಪಾದ ಕೂಡಲೇ ವೇಗ ಇಳಿಸಿ, ರಸ್ತೆಯ ಅಂಚು ಹಿಡಿದು ಮನೆ ಮುಟ್ಟಿದಳು.

ಐತವಾರ ಬೆಳಿಗ್ಗೆ ಗವಿಸಿದ್ದೇಶನಿಗೆ ರಜೆ. ಉಪ್ಪಿಟ್ಟು ತಿಂದು ಕೈ ತೊಳೆಯುತ್ತಿದ್ದವನನ್ನು ಆಕೆ ಅಂಗಳಕ್ಕೆ ಕರೆದಳು.

"ಕಾರಿನ ಹಿಂದ ನಿಂದರ್ರಿ."

"ಯಾಕ?"

"ಸೆನ್ಸರ್ ಅರಾಮಾಗೈತೋ ಇಲ್ಲೋ ನೋಡಬೇಕು. ಯಾರೂ ಇಲ್ಲದಾಗ ಸುಮ್ಮನಿರಬೇಕು, ಇದ್ದಾಗ ಒದರಬೇಕು, ಸರಿದ್ರ ಮತ್ತ ಸುಮ್ಮನಾಗಬೇಕು. ನಾಕೂ ಗುಂಡಿ ಮುಂದ ಒಂದೊಂದು ಸಲ ನಿಂದರ್ರಿ."

"ಅರಾಮ ಐತೆಲ್ಲವಾ, ಹೇಳಿದ್ನೆಲ್ಲ" ಎಂದ. ಹೆಂಡತಿ ನೋಡಿದ ನೋಟಕ್ಕೆ ಗ್ಯಾರೇಜಿನ ವಿಷಯ ಹೊರಬಿದ್ದಿದೆ ಎಂದು ತಿಳಿದು, ಮುಂದೆ ವಾದಿಸದೆ ಹಿಂದೆ ಹೋಗಿ ನಿಂತ. ಮುದಕಮ್ಮ ಕಟ್ಟೆಯ ಮೇಲೆ ಕಾಲು ಚಾಚಿ ಕೂತಳು. ಇಂಥದ್ದನ್ನು ಬಿಟ್ಟು ಒಳಗೆ ಕೂಡುವವಳಲ್ಲ.

ಅನುಸೂಯಾ ರಿವರ್ಸ್ ಹಾಕಿದಳು. ಮೊದಲ ಗುಂಡಿ, ಕೂಗಿತು. ಸರಿದ, ಸುಮ್ಮನಾಯಿತು. ಎರಡನೆಯದು ಕೂಗಿತು. ಮೂರನೆಯದರ ಹತ್ತಿರ ಅವನು ಹೋಗುವ ಮೊದಲೇ ಕೂಗಿತು.

"ಹೊಟ್ಟಿ ಒಳಗ ಎಳಕೋರಿ! ನೀವು ಎರಡನೇದರ ಮುಂದ ಇದ್ರೂ ನಿಮ್ಮ ಹೊಟ್ಟಿ ಮೂರನೇದರ ಮುಂದ ಐತಿ!"

ಮುದಕಮ್ಮ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು. ನಾಲ್ಕನೆಯದು ಮಾತ್ರ ಕೂಗಲಿಲ್ಲ. ಅನುಸೂಯಾ ಮತ್ತೊಮ್ಮೆ ಮೊದಲಿನಿಂದ ಎಂದಳು. ಈ ಸಲ ನಾಲ್ಕನೆಯದೂ ಸಣ್ಣಗೆ ಕೂಗಿತು.

"ಒದರಿತಲ್ಲ, ಮುಗೀತು" ಎಂದ ಗವಿಸಿದ್ದೇಶ.

"ಒಮ್ಮೆ ಒದರಿದ್ರ ಆಗೂದಿಲ್ಲ. ಒಮ್ಮೆ ಹೌದು, ಒಮ್ಮೆ ಇಲ್ಲ ಅನ್ನೂದು ಭಾಳ ಕೆಟ್ಟದು. ಈಗ ನಾ ನಿಧಾನಕ ಹಿಂದ ಬರ್ತೀನಿ, ನೀವು ಅಲ್ಲೇ ನಿಂತಿರ್ರಿ. ಎಷ್ಟು ದೂರದಾಗ ಒದರತೈತಿ ನೋಡೂಣು."

ಕಾರು ಹಿಂದೆ ಸರಿಯಿತು. ಗವಿಸಿದ್ದೇಶನ ಎಡಗೈ ತಾನಾಗಿ ಮೇಲೆದ್ದು ಆಡತೊಡಗಿತು. "ಬರ್ಲಿ, ಬರ್ಲಿ, ಒಂಚೂರು ಎಡಕ್ಕ..."

ಅನುಸೂಯಾ ಬ್ರೇಕು ಒತ್ತಿ ಕಿಟಕಿಯಿಂದ ತಲೆ ಹೊರಹಾಕಿದಳು. "ರೀ, ನೀವು ಇವತ್ತು ಕಂಡಕ್ಟರ್ ಅಲ್ಲ. ನೀವು ದೋಣಿ. ದೋಣಿ ಮಾತಾಡೂದಿಲ್ಲ!"

"ದೋಣಿನ ಮಾಡು, ಕಲ್ಲ ಮಾಡು" ಎಂದ ಅವನು, ಅವಮಾನವಾದವನಂತೆ. "ಅವತ್ತ ನೀ ನನ್ನ ಮಾತ ಕೇಳಿದ್ರ..."

"ಕೇಳಿದ್ನಿ!"

ಆ ದನಿ ಅನುಸೂಯಾಳಿಗೇ ಹೊಸದೆನಿಸಿತು. ಎಷ್ಟು ದಿನವಾಗಿತ್ತೋ ಅದನ್ನು ಕೇಳಿ. ಕಾರಿನಿಂದ ಇಳಿದೇಬಿಟ್ಟಳು.

"ಕೇಳಿದ್ದಕ್ಕ ಬಡೀತು! ಅದು ಒದರಿ ಒದರಿ ಹೇಳ್ತು, ಇಳದು ಇಳದು ನೋಡಿದ್ನಿ. ಅದಕ್ಕ ತಲಿ ಕೆಟ್ಟೈತಿ, ನನ್ನ ಮಾತ ಕೇಳು ಅಂದಾಂವ ಯಾರು? ಎರಡು ಸೀಟಿ ಊದಿ ಕಳಕಮ್ಮಕ್ಕನ ಕಡೆ ತಿರುಗಿ ನಿಂತಾಂವ ಯಾರು? ಬಡದ ಮ್ಯಾಲ ಊರ ಮುಂದ ನನ್ನ ಮಾರಿಗೆ ಮಸಿ ಬಳದು ಹಲ್ಲು ಕಿಸದಾಂವ ಯಾರು? ನನಗ ಮಂಗಳೂರಿಗೆ ಹೋಗಬೇಕಾಗೈತಿ! ಹದಿನೆಂಟು ವರ್ಷ ಆದ ಮ್ಯಾಲ ಬಂದೈತಿ. ನಿಮ್ಮ ಒಂದು ಸೀಟಿ ಸಲುವಾಗಿ ನಾ ಯಾಕ ಬಿಡ್ಲಿ?"

ಎದುರು ಮನೆಯ ಬಾಗಿಲು ತೆರೆಯಿತು. ಕಳಕಮ್ಮ ಹೊಸಿಲಲ್ಲಿ ನಿಂತು, "ಹೌದ್ ನೋಡಪಾ ಗವಿಸಿದ್ದಾ, ನೀ ನನ್ನ ಕೂಡ ಮಾತಾಡಾಕತ್ತಿದ್ದಿ. ನಿನ್ನ ಬೆನ್ನು ಕಾರಿನ ಕಡೆ ಇತ್ತು. ನಾ ಅವತ್ತ ಹೇಳಬೇಕಂತಿದ್ನಿ, ನೀ ಆ ದೋಣಿ ಮಾತು ಭಾಳ ಚಂದ ಹೇಳಾಕತ್ತಿದ್ದಿ, ನಡುವ ಯಾಕ ಬಾಯಿ ಹಾಕೂದಂತ ಬಿಟ್ನಿ" ಎಂದಳು.

ಗವಿಸಿದ್ದೇಶ ಇಬ್ಬರನ್ನೂ ನೋಡಿದ. ತಾಯಿಯ ಕಡೆ ತಿರುಗಿದ. ತಾಯಿ ಅವನನ್ನು ನೋಡಲೇ ಇಲ್ಲ, ಸೊಸೆಯನ್ನೇ ನೋಡುತ್ತಿದ್ದಳು, ಬೆಳೆ ನೋಡಲು ಹೋದವರು ಚಿಗುರು ನೋಡುವ ಹಾಗೆ.

"ಈಗ ಅರಾಮಾತು ನೋಡು ಅನಸವ್ವಗ" ಎಂದಳು ಮುದಕಮ್ಮ. "ನನಗ ಅಂಜಿಕಿ ಹತ್ತಿತ್ತು. ಉಪ್ಪು ಕೇಳಿದ್ರ ಉಪ್ಪು ತಂದು ಕೊಡಾಕತ್ತಿದ್ಲಲ್ಲೋ!"

ಅನುಸೂಯಾಳಿಗೆ ಅಳು ಬಂತೋ ನಗು ಬಂತೋ ತಿಳಿಯಲಿಲ್ಲ. ಕಾರಿಗೆ ಒರಗಿ ನಿಂತು ಸೆರಗಿನಿಂದ ಕುತ್ತಿಗೆಯ ಬೆವರು ಒರೆಸಿಕೊಂಡಳು. ಗವಿಸಿದ್ದೇಶ ಬಂಪರಿನ ಮೇಲಿನ ಧೂಳನ್ನು ಬೆರಳಲ್ಲಿ ಒರೆಸಿದ, ಅಲ್ಲಿ ಇಲ್ಲದ ಧೂಳನ್ನೂ ಒರೆಸಿದ.

"ಅವತ್ತ ನನಗ ಎದಿ ಝಲ್ಲ ಅಂದಿತ್ತು" ಎಂದ ಸಣ್ಣಗೆ. "ನಿನಗ ಏನಾರ ಆಗಿದ್ರ ಅಂತ. ಅದಕ್ಕ ನಗಾಕ ಸುರು ಮಾಡಿದ್ನಿ. ಆಮ್ಯಾಲ ನಿಲ್ಲಸಾಕ ಬರಲಿಲ್ಲ." ಆಮೇಲೆ, "ಆ ಕಡೀ ಗುಂಡಿ ಸಣ್ಣಗ ಒದರತೈತಲ್ಲ, ಅದನ್ನ ಏನ್ ಮಾಡೂಣು?" ಎಂದು ಕೇಳಿದ.

"ಖಡಿ ಕಲ್ಲಿನ ರಸ್ತಿ ಮ್ಯಾಲ ಓಡಿಸಿ, ಜಗ್ಗಾಡಿಸಿ, ಮತ್ತ ನೋಡಬೇಕು. ಕುಂತಲ್ಲೇ ಅರಾಮ ಇರೂದು ಏನ್ ದೊಡ್ಡ ಮಾತು?"

ಆ ಹೊತ್ತಿಗೆ ಓಣಿಯಲ್ಲಿ ಮೋಟರ್ ಸೈಕಲ್ ನಿಂತ ಸದ್ದಾಯಿತು. ಬಿಳಿ ಅಂಗಿಯ, ದಪ್ಪ ಮೀಸೆಯ ಒಬ್ಬರು ಒಳಬಂದು, "ಕಂಡಕ್ಟರ್ ಸಾಹೇಬ್ರ ಮನಿ ಇದಾ ಅಲ್ರಿ? ನಾ ಓಬಳೆಪ್ಪ, ಕುಷ್ಟಗಿಯಿಂದ. ಕಾರು ನೋಡಾಕ ಬಂದೀನಿ" ಎಂದರು.

ಗವಿಸಿದ್ದೇಶ ಬಾಯಿ ತೆರೆದ. ಆಮೇಲೆ ಬಾಯಿ ಮುಚ್ಚಿ, ಹೆಂಡತಿಯ ಕಡೆ ನೋಡಿದ. ಸಂಸಾರ ಹೂಡಿದಾಗಿನಿಂದ ಹಾಗೆ ನೋಡಿದ್ದು ಅಪರೂಪ.

"ನೋಡ್ರಿ ಅಣ್ಣಾರ, ನೋಡಾಕೇನು?" ಎಂದಳು ಅನುಸೂಯಾ. "ಆದ್ರ ಕೊಡೂದಿಲ್ಲ. ನನಗ ದಿನಾ ಮಂಗಳೂರ ಕಡೆ ಡ್ಯೂಟಿ ಬಿದ್ದೈತಿ. ಅಷ್ಟು ದೂರ ಬಂದೀರಿ, ಉಪ್ಪಿಟ್ಟು ಐತಿ, ತಿಂದು ಹೋಗ್ರಿ."

"ಮತ್ತ ಕೊಡ್ತೀನಿ ಅಂದಿದ್ರಲ್ರೀ ಸಾಹೇಬ್ರು? ಏನರ ತಕರಾರು ಐತೇನು ಗಾಡಿಗೆ?"

"ಗಾಡಿಗೆ ಇಲ್ರಿ, ತಕರಾರು ನಮ್ಮ ಕಡೆ ಇತ್ತು" ಎಂದ ಗವಿಸಿದ್ದೇಶ.

ಉಪ್ಪಿಟ್ಟು ತಿಂದು ಓಬಳೆಪ್ಪ ಕಟ್ಟೆಯ ಮೇಲೆ ಮುದಕಮ್ಮನ ಎಲೆ ಅಡಿಕೆಗೆ ಕೈ ಚಾಚಿದರು. ಅನುಸೂಯಾ ತಡಮಾಡಲಿಲ್ಲ. ಕಾರಿನಲ್ಲಿ ಕೂತಳು. ಗವಿಸಿದ್ದೇಶ ಕಾರಿನ ಹಿಂದಕ್ಕೆ ಹೋಗಲು ಒಂದು ಹೆಜ್ಜೆ ಇಟ್ಟು, ನಿಂತು, ಸುತ್ತಿಬಂದು ಪಕ್ಕದ ಸೀಟಿನಲ್ಲಿ ಕೂತ. ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡ.

ರಿವರ್ಸ್ ಬಿತ್ತು. ಅಂಗಳ ದಾಟುವವರೆಗೆ ಕಾರು ಸುಮ್ಮನಿತ್ತು. ಗೇಟಿನ ಹತ್ತಿರ ಬಂದದ್ದೇ ಬಲಗಡೆಯ ಗುಂಡಿ, ಆ ನಾಲ್ಕನೆಯದು, ಗಟ್ಟಿಯಾಗಿ ಕೂಗಿತು. ಅನುಸೂಯಾ ನಿಲ್ಲಿಸಿದಳು. ಗವಿಸಿದ್ದೇಶ ಏನನ್ನೋ ಹೇಳಹೊರಟು ತುಟಿ ಕಚ್ಚಿಕೊಂಡ. ಆಕೆ ಇಳಿದು ಹೋಗಿ ನೋಡಿದಳು. ಓಬಳೆಪ್ಪ ತಮ್ಮ ಮೋಟರ್ ಸೈಕಲ್ಲನ್ನು ಸರಿಯಾಗಿ ಗೇಟಿಗೆ ಅಡ್ಡವಾಗಿ ನಿಲ್ಲಿಸಿದ್ದರು.

"ಅಣ್ಣಾರ," ಎಂದು ಕೂಗಿದಳು ಅನುಸೂಯಾ, ಓಣಿಗೆಲ್ಲ ಕೇಳುವಷ್ಟು, "ನಿಮ್ಮ ಗಾಡಿ ಒಂಚೂರು ಸರಸ್ರಿ. ನಾವು ಮಂಗಳೂರ ತನಕ ಹೋಗಿ ಬರಬೇಕು."

ಕೈಯಲ್ಲಿ ಎಲೆ ಅಡಿಕೆ ಹಿಡಿದೇ ಓಬಳೆಪ್ಪ ಓಡಿ ಬಂದರು.